ಚೊಗರು ಹಾಕಿದ ಕೆನ್ನೆ

ಚರ್ಮದ ವಿಷಯದಲ್ಲಿ ನನಗಿದ್ದಷ್ಟು ಜ್ಞಾನ ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಇನ್ನೊಬ್ಬರಿಗಿರಲಿಲ್ಲ. ಯಾರಿಗೆ ಮೊಡವೆ ಎದ್ದರೂ, ಯಾರ ಮುಖಕ್ಕೆ ಬಂಗು ಬಂದರೂ, ಯಾರ ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣಾದರೂ ಅವರು ಕೇಳುವ ಮೊದಲೇ ನಾನು ಸಲಹೆ ಕೊಟ್ಟಾಗಿರುತ್ತಿತ್ತು. ವೃತ್ತಿಯಿಂದ ನಾನು ಕಬ್ಬಿಣದ ಕಾರ್ಖಾನೆಯ ಸ್ಟೋರ್ಸ್ ಗುಮಾಸ್ತ. ಆದರೆ ವಾರಪತ್ರಿಕೆಗಳ ಸೌಂದರ್ಯದ ಪುಟಗಳನ್ನು ಕತ್ತರಿಸಿ ಹಳೆಯ ರಿಜಿಸ್ಟರೊಂದಕ್ಕೆ ಅಂಟಿಸಿಟ್ಟಿದ್ದೆ. ನನ್ನ ಹೆಂಡತಿ ಗಿರಿಜಾ ಆ ಗ್ರಂಥವನ್ನು ಹಪ್ಪಳ ಒಣಗಿಸುವಾಗ ಬಟ್ಟೆ ಹಾರದಂತೆ ಭಾರಕ್ಕೆ ಇಡುತ್ತಿದ್ದಳು.

ಇಂಥ ನನ್ನ ಬಲಗೆನ್ನೆಯ ಮೇಲೆ, ಕಿವಿಯಿಂದ ಎರಡು ಬೆರಳು ಈಚೆಗೆ, ನಾಲ್ಕಾಣೆ ಅಗಲದ ಬಿಳಿಚಿದ ಮಚ್ಚೆಯೊಂದು ಕಾಣಿಸಿಕೊಂಡಿತು. ಬರುವುದು ಬಂತು, ಸ್ವಲ್ಪ ಮೇಲೆ ಹಣೆಗೆ ಬಂದಿದ್ದರೆ ವಿಭೂತಿಯ ಅಡಿಯಲ್ಲಿ ಮರ್ಯಾದೆಯಾಗಿ ಮುಚ್ಚಿಹೋಗುತ್ತಿತ್ತು. ಬಂದ ಜಾಗವೂ ಸರಿಯಿರಲಿಲ್ಲ, ಬಂದ ಸಮಯವೂ ಸರಿಯಿರಲಿಲ್ಲ. ಇನ್ನು ಮೂರೇ ವಾರಕ್ಕೆ ಮಗಳು ಸುಮಾಳನ್ನು ನೋಡಲು ಶಿವಮೊಗ್ಗದಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಕಾಲೇಜಿನಲ್ಲಿ ಲೆಕ್ಚರರ್. ಅವನ ತಂದೆ ಚನ್ನಬಸಪ್ಪನವರು ಅಡಿಕೆ ವ್ಯಾಪಾರಿ. ಅದುವರೆಗೆ ಬಂದ ಆರೇಳು ಫೋಟೋಗಳಿಗೆ 'ಬೇಡ' ಎಂದಿದ್ದ ಸುಮಾ ಈ ಫೋಟೋ ನೋಡಿ ಏನೂ ಹೇಳದೆ ಒಳಗೆ ಹೋಗಿದ್ದಳು. ನಮ್ಮ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಎಂದೇ ಅರ್ಥ. ಅವಳು ಮನಸ್ಸಿಟ್ಟ ಸಂಬಂಧ ನನ್ನ ಕೆನ್ನೆಯಿಂದ ತಪ್ಪಿಹೋದರೆ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಹೆದರಿಕೆಗೆ ಕಾರಣವಿತ್ತು. ಬಿಳಿ ಮಚ್ಚೆ ಕಂಡರೆ ನಮ್ಮ ಜನ ಮೊದಲು ತೊನ್ನು ಎನ್ನುತ್ತಾರೆ. ಆಮೇಲೆ ವಂಶದಲ್ಲೇ ಇದೆ ಎನ್ನುತ್ತಾರೆ. ಆಮೇಲೆ 'ಜಾತಕ ಕೂಡಿ ಬರಲಿಲ್ಲ' ಎಂದು ವಿನಯದಿಂದ ಕಾಗದ ಬರೆಯುತ್ತಾರೆ. ಈ ಕ್ರಮ ನನಗೆ ಚೆನ್ನಾಗಿ ಗೊತ್ತು. ತಮ್ಮನಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಜ್ಜಿಯ ಮೊಣಕೈ ನೋಡಿ ಬಂದು ಅಂಥದ್ದೊಂದು ಕಾಗದ ಬರೆದವನು ನಾನೇ.

"ರೀ, ಸುಮ್ನೆ ಡಾಕ್ಟ್ರಿಗೆ ತೋರಿಸಿ. ಸಿಬ್ಬೋ ಗಿಬ್ಬೋ ಇರುತ್ತೆ" ಎಂದಳು ಗಿರಿಜಾ.

"ಚರ್ಮದ ಡಾಕ್ಟರ ಬಾಗಿಲಲ್ಲಿ ನಾನು ಕೂತಿದ್ದನ್ನ ಯಾರಾದ್ರೂ ನೋಡಿದ್ರೆ? ನಾನು ಮನೆಗೆ ಬರೋದ್ರೊಳಗೆ ಸುದ್ದಿ ಶಿವಮೊಗ್ಗ ಮುಟ್ಟಿರುತ್ತೆ."

"ಮತ್ತೇನ್ಮಾಡ್ತೀರಿ?"

"ಪುಸ್ತಕ ಇದೆಯಲ್ಲ" ಎಂದೆ. ಅವಳು ಹಪ್ಪಳದ ಮೇಲಿಂದ ಅದನ್ನು ತೆಗೆದು ತಂದುಕೊಟ್ಟು ಅಕ್ಕಿ ತೊಳೆಯಲು ಹೋದಳು.

ಗ್ರಂಥದ ಮೊದಲ ಪುಟದಲ್ಲೇ ಪರಿಹಾರವಿತ್ತು. ನಿಂಬೆರಸ ಹಚ್ಚಿದರೆ ಮುಖದ ಕಲೆ ಮಾಯ. ನಾನು ದಿನಾ ಬೆಳಗ್ಗೆ ನಿಂಬೆಹೋಳು ತಿಕ್ಕಿಕೊಂಡು, ಔಷಧಿ ಬೇಗ ಹಿಡಿಯಲಿ ಎಂದು ಅಂಗಳದ ಬಿಸಿಲಿಗೆ ಕೆನ್ನೆಯೊಡ್ಡಿ ನಿಂತೆ. ಅದು ಕಪ್ಪು ಕಲೆಯನ್ನು ಬಿಳಿ ಮಾಡುವ ಔಷಧಿ, ನನ್ನದು ಮೊದಲೇ ಬಿಳಿಯ ಕಲೆ ಎಂಬ ಸೂಕ್ಷ್ಮ ಹೊಳೆದದ್ದು ಐದನೆಯ ದಿನ. ಅಷ್ಟರಲ್ಲಿ ಸುತ್ತಲಿನ ಚರ್ಮ ಸುಟ್ಟು ಕಪ್ಪಾಗಿತ್ತು. ಅದರ ನಡುವೆ ಮಚ್ಚೆ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು.

ಎರಡನೆಯ ಪ್ರಯೋಗ ಬೆಳ್ಳುಳ್ಳಿ. 'ಸ್ವಲ್ಪ ಹೊತ್ತು ಇಟ್ಟು ತೊಳೆಯಿರಿ' ಎಂದು ಬರೆದಿತ್ತು. ಸ್ವಲ್ಪ ಹೊತ್ತು ಎಂದರೆ ಎಷ್ಟು ಹೊತ್ತು ಎಂದು ಬರೆದಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಜಜ್ಜಿದ ಬೆಳ್ಳುಳ್ಳಿಯನ್ನು ಕೆನ್ನೆಗೆ ಮೆತ್ತಿ, ಮೇಲೊಂದು ಬಟ್ಟೆ ಕಟ್ಟಿಕೊಂಡು ಮಲಗಿದೆ. ಅಡಿಕೆ ಸುಲಿಯುವವರಂತೆ ದುಡಿದ ವಾರದ ನಿದ್ದೆ, ಗಾಢವಾಗಿಯೇ ಬಂತು. ಎಚ್ಚರವಾದದ್ದು ಉರಿಗೆ. ಬಟ್ಟೆ ಬಿಚ್ಚಿದರೆ ಕೆನ್ನೆಯ ಮೇಲೆ ಪೂರಿ ಉಬ್ಬಿದಂತೆ ಒಂದು ಬೊಬ್ಬೆ ಎದ್ದಿತ್ತು.

ಮರುದಿನ ಆಫೀಸಿನಲ್ಲಿ ಗ್ಯಾಸ್ ಕಟಿಂಗ್ ಕಿಡಿ ಹಾರಿ ಸುಟ್ಟಿತು ಎಂದೆ. ನಮ್ಮ ಸೂಪರಿಂಟೆಂಡೆಂಟರು ಕನ್ನಡಕ ಇಳಿಸಿ, "ನಮ್ಮ ಸ್ಟೋರ್ಸಿಗೆ ಗ್ಯಾಸ್ ಕಟಿಂಗ್ ಯಾವಾಗ ಬಂತು ಪರಮೇಶಪ್ಪ?" ಎಂದು ಕೇಳಿದರು. ನಾನು ತುರ್ತು ಕೆಲಸವಿದ್ದವನಂತೆ ಬೋಲ್ಟು ಎಣಿಸಲು ಹೋದೆ.

ಆಗ ನನ್ನ ಉದ್ಧಾರಕ್ಕೆ ಬಂದವನು ಪಕ್ಕದ ಮನೆಯ ಮುರುಗೇಶ. ರೋಲಿಂಗ್ ಮಿಲ್ಲಿನಲ್ಲಿ ಫಿಟ್ಟರ್, ಸೇಲಂ ಕಡೆಯವನು, ಪರೋಪಕಾರಿ. ಕಾಂಪೌಂಡಿನ ಆಚೆಯಿಂದ ಒಂದು ಟ್ಯೂಬು ಚಾಚಿದ.

"ಅಣ್ಣಾ, ಇದು ಹಾಕಿ. ನಮ್ಮ ಮನೆಯವಳಿಗೆ ಕೈ ತುರಿಕೆ, ನನಗೆ ತೊಡೆಸಂದಿ, ಮಗೂಗೆ ಸೊಳ್ಳೆ ಕಚ್ಚಿದ್ದು, ಎಲ್ಲಾದಕ್ಕೂ ಇದೇ."

"ಡಾಕ್ಟ್ರು ಬರೆದುಕೊಟ್ಟಿದ್ದಾ?"

"ಡಾಕ್ಟ್ರು ಯಾಕಣ್ಣಾ? ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಕೊಡ್ತಾರೆ."

ಆ ಟ್ಯೂಬು ನಮ್ಮ ಸಾಲಿನ ಅರ್ಧ ಮನೆಗಳನ್ನು ಸುತ್ತಿ ಬಂದಿತ್ತು. ಬಾಲದಿಂದ ಸುರುಳಿ ಸುತ್ತಿ ಸುತ್ತಿ ಕುತ್ತಿಗೆಯಷ್ಟೇ ಉಳಿದಿತ್ತು. ಮುಲಾಮು ಮಾತ್ರ ಮಹಾಮಹಿಮೆಯದು. ಹಚ್ಚಿದ ಎರಡು ದಿನಕ್ಕೆ ಉರಿ ಹೋಯಿತು, ಕೆನ್ನೆ ನುಣುಪಾಯಿತು. ನಾನೇ ಹೊಸ ಟ್ಯೂಬು ಕೊಂಡು ದಿನಕ್ಕೆ ಮೂರು ಹೊತ್ತು ಹಚ್ಚತೊಡಗಿದೆ. ಹತ್ತನೆಯ ದಿನ ಕನ್ನಡಿ ನೋಡಿದರೆ ಕೆನ್ನೆ ಕೆಂಪಗೆ ತೆಳ್ಳಗಾಗಿದೆ, ಒಂದು ಮಚ್ಚೆ ಇದ್ದಲ್ಲಿ ಮೂರು ಮಚ್ಚೆಗಳಿವೆ. ನಾನು ಇಷ್ಟು ದಿನ ಅದಕ್ಕೆ ಗೊಬ್ಬರ ಹಾಕಿ ಬೆಳೆಸಿದ್ದೆ.

ಉಳಿದದ್ದು ಮೂರು ದಿನ. ಸುಮಾ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ, "ಅಪ್ಪಾಜಿ ಮುಖ ನೋಡಿದ್ರೆ ಅಳು ಬರುತ್ತಮ್ಮ" ಎಂದದ್ದು ಕೇಳಿಸಿತು. ನನ್ನ ಮೇಲಿನ ಕರುಣೆಯೋ ತನ್ನ ಮದುವೆಯ ಚಿಂತೆಯೋ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಇನ್ನು ವಾಸಿಯಾಗುವ ಮಾತಿಲ್ಲ, ಮುಚ್ಚುವುದೊಂದೇ ದಾರಿ ಎಂದು ನಿರ್ಧರಿಸಿದೆ. ಪೌಡರು ಹಚ್ಚಿದರೆ ಬಿಳಿಯ ಮೇಲೆ ಬಿಳಿ. ಮಗಳ ಮೇಕಪ್ ಡಬ್ಬಿಯ ಬಣ್ಣಗಳೆಲ್ಲ ನನಗಿಂತ ಎರಡು ಮೂರು ಪಟ್ಟು ಬೆಳ್ಳಗಿದ್ದವು. ನನ್ನ ಮೈಬಣ್ಣದ ಮುಖಕ್ಕೆ ನಮ್ಮ ದೇಶದಲ್ಲಿ ಯಾರೂ ಬಣ್ಣ ತಯಾರಿಸಿಯೇ ಇರಲಿಲ್ಲ. ಈ ಚಿಂತೆಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದಾಗ, ಹಳ್ಳಿಯಿಂದ ಕೆಲಸಕ್ಕೆ ಬರುವ ಜೊತೆಗಾರನೊಬ್ಬ ತಮ್ಮಲ್ಲಿ ಅಡಿಕೆ ಬೇಯಿಸುವ ಗಡಿಬಿಡಿಯೆಂದು ಹೇಳುತ್ತಿದ್ದ. ಬೇಯಿಸಿದ ನೀರು ಗಟ್ಟಿಯಾಗಿ ಚೊಗರು ಆಗುತ್ತದೆ, ಬಣ್ಣ ಕಡಿಮೆಯಾದ ಅಡಿಕೆಗೆ ಅದನ್ನು ಸವರಿದರೆ ಮಾರಾಟದ ಮಂಡಿಯಲ್ಲಿ ಎದ್ದು ಕಾಣುತ್ತದೆ ಎಂದ.

ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಬಣ್ಣಗೆಟ್ಟ ಅಡಿಕೆಗೆ ಆಗುವ ಉಪಕಾರ ಬಣ್ಣಗೆಟ್ಟ ಕೆನ್ನೆಗೆ ಯಾಕಾಗಬಾರದು?

ಮರುದಿನ ಒಂದು ಸಣ್ಣ ಬಾಟಲಿ ಚೊಗರು ತರಿಸಿಕೊಂಡೆ. ಮೊಣಕೈಗೆ ಸವರಿ ನೋಡಿದರೆ ಚರ್ಮಕ್ಕೂ ಅದಕ್ಕೂ ವ್ಯತ್ಯಾಸವೇ ಇಲ್ಲ. ನನ್ನ ಮೈಬಣ್ಣ ರಾಶಿ ಎಂಬ ಒಳ್ಳೆಯ ದರ್ಜೆಯ ಅಡಿಕೆಯ ಬಣ್ಣ ಎಂದು ಐವತ್ತು ದಾಟಿದ ಮೇಲೆ ತಿಳಿದು ಹೆಮ್ಮೆಯಾಯಿತು. ಬಾಟಲಿಯ ಬಿರಡೆ ಸೋರುತ್ತಿತ್ತು. ಹಾಗಾಗಿ ಚೊಗರನ್ನು ಮನೆಯಲ್ಲಿದ್ದ ಪುಟ್ಟ ಕಬ್ಬಿಣದ ಡಬ್ಬಿಗೆ ಬಗ್ಗಿಸಿ ಮುಚ್ಚಿಟ್ಟೆ. ಕಬ್ಬಿಣದ ಊರಲ್ಲಿ ಡಬ್ಬಿಗೇನು ಬರ.

ಭಾನುವಾರ ಬೆಳಗ್ಗೆ ಅವರು ಬರುವುದಕ್ಕೆ ತುಸು ಮೊದಲು ಬಚ್ಚಲುಮನೆಯ ಮಂಕು ಬೆಳಕಿನಲ್ಲಿ, ಸುಮಾಳ ಹಳೆಯ ಪೇಂಟಿಂಗ್ ಬ್ರಷ್ಷಿನಿಂದ ಮೂರೂ ಮಚ್ಚೆಗಳಿಗೆ ಚೊಗರು ಹಾಕಿಕೊಂಡೆ. ಕೊಂಚ ಗಾಢವಾಯಿತೇನೋ ಅನಿಸಿತು. ಒಣಗಿದರೆ ತಿಳಿಯಾಗುತ್ತದೆ ಎಂದುಕೊಂಡು ಇನ್ನೊಂದು ಸುತ್ತು ಬಳಿದೆ.

ಹತ್ತು ಗಂಟೆಗೆ ಚನ್ನಬಸಪ್ಪನವರು, ಅವರ ಹೆಂಡತಿ ಮತ್ತು ಹುಡುಗ ಕಾರಿನಿಂದ ಇಳಿದರು. ನಾನು ಕೈಮುಗಿದು ಒಳಗೆ ಕರೆದೆ. ಹುಡುಗ ನನ್ನನ್ನು ನೋಡಿ ಕೆಮ್ಮಿದ. ಅವನ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಗಿರಿಜಾ ನನ್ನ ಕಡೆ ನೋಡಿದವಳು ಹಾಗೇ ನಿಂತಳು. ಸುಮಾ ಬಂದು ನಮಸ್ಕಾರ ಮಾಡಿದಳು. ಚನ್ನಬಸಪ್ಪನವರು ಅವಳ ಕಡೆ ತಿರುಗಿಯೂ ನೋಡಲಿಲ್ಲ. ಹೆಣ್ಣು ನೋಡಲು ಬಂದವರು ಹೆಣ್ಣಿನ ಅಪ್ಪನನ್ನೇ ದಿಟ್ಟಿಸುತ್ತಿದ್ದರು. ಕೊನೆಗೆ ಎದ್ದು ಬಂದು, ನನ್ನ ಗದ್ದ ಹಿಡಿದು ಕೆನ್ನೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಮೂವತ್ತು ವರ್ಷ ಮಾಲು ನೋಡಿದ ಕೈ ಅದು.

"ಯಾವ ಊರಿನ ಚೊಗರು?"

ನಾನು ಊರಿನ ಹೆಸರು ಹೇಳಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಕಬ್ಬಿಣದ ಪಾತ್ರೆಲಿ ಇಟ್ಟಿದ್ರಾ?"

"ಡಬ್ಬಿಲಿ."

"ಅದಕ್ಕೇ ಮತ್ತೆ. ಕಬ್ಬಿಣ ತಾಗಿದ್ರೆ ಚೊಗರು ಮಸಿ ಆಗುತ್ತೆ ಮಾರಾಯ್ರೇ."

ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡೆ. ಮೂರು ಕಡುಕಪ್ಪು ಬೊಟ್ಟುಗಳು, ದೃಷ್ಟಿ ತಾಗದಿರಲೆಂದು ಕೂಸಿಗೆ ಇಟ್ಟ ಹಾಗೆ. ಭದ್ರಾವತಿಯ ಕಬ್ಬಿಣ ಮತ್ತು ಶಿವಮೊಗ್ಗದ ಅಡಿಕೆ ನನ್ನ ಕೆನ್ನೆಯ ಮೇಲೆ ಆಗಲೇ ಸಂಬಂಧ ಬೆಳೆಸಿಬಿಟ್ಟಿದ್ದವು.

ಚನ್ನಬಸಪ್ಪನವರು ನಗಲಿಲ್ಲ. "ಪರಮೇಶಪ್ನೋರೆ, ನಾನು ವ್ಯಾಪಾರದೋನು. ಬಣ್ಣ ಹಾಕಿದ ಮಾಲು ಕಂಡ್ರೆ ಒಳಗೇನಿದೆ ಅಂತ ಒಡೆದು ನೋಡೋ ಅಭ್ಯಾಸ. ಏನನ್ನ ಮುಚ್ಚಿದ್ದೀರಿ?" ಎಂದರು.

ನಾನು ಎಲ್ಲವನ್ನೂ ಒಪ್ಪಿಕೊಂಡೆ. ತೊನ್ನು ಎಂಬ ಮಾತನ್ನು ಯಾರೂ ಆಡಲಿಲ್ಲ, ಆದರೆ ಅದು ಕೋಣೆಯ ತುಂಬ ಕೂತಿತ್ತು. ಸುಮಾಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ನಮಗೆ ಗೊತ್ತಿರೋ ಚರ್ಮದ ಡಾಕ್ಟ್ರು ಇದ್ದಾರೆ, ಶಿವಮೊಗ್ಗದಲ್ಲಿ, ಆಲ್ಕೊಳ ಸರ್ಕಲ್ ಹತ್ರ. ಭಾನುವಾರಾನೂ ಮಧ್ಯಾಹ್ನದವರೆಗೆ ಇರ್ತಾರೆ. ಕಾರು ಹತ್ತಿ" ಎಂದರು. ತಮ್ಮವರಿಗೆ ಅಲ್ಲೇ ಕೂತಿರಲು ಹೇಳಿದರು. ಮೂರು ವಾರ ಯಾವ ಬಾಗಿಲಿಗೆ ಹೋಗಬಾರದೆಂದು ಇಷ್ಟೆಲ್ಲ ಮಾಡಿದ್ದೆನೋ ಆ ಬಾಗಿಲಿಗೆ ಸ್ವತಃ ಬೀಗರಾಗಬೇಕಾದವರೇ ನನ್ನನ್ನು ಕರೆದುಕೊಂಡು ಹೊರಟರು.

ಡಾಕ್ಟರಮ್ಮ ಮಚ್ಚೆಯ ಅಂಚಿನಿಂದ ಸ್ವಲ್ಪ ಹೊಟ್ಟು ಕೆರೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಮೇಲೆ ಪೆನ್ನಿನ ತುದಿಯಲ್ಲಿ ಕೆನ್ನೆಯ ಒಂದೊಂದು ಪ್ರದೇಶವನ್ನೂ ತೋರಿಸುತ್ತ ಕೇಳಿದರು.

"ಈ ಸುಟ್ಟಿರೋದು?"

"ನಿಂಬೆಹಣ್ಣು, ಬಿಸಿಲು."

"ಈ ಬೊಬ್ಬೆ ಗಾಯ?"

"ಬೆಳ್ಳುಳ್ಳಿ."

"ಈ ಕೆಂಪು?"

"ಮುರುಗೇಶ."

"ಅಂದ್ರೆ?"

"ಪಕ್ಕದ ಮನೆಯ ಟ್ಯೂಬು."

"ಈ ಕಪ್ಪು?"

"ಚೊಗರು, ಕಬ್ಬಿಣ ತಾಗಿದ್ದು" ಎಂದು ಚನ್ನಬಸಪ್ಪನವರೇ ತಜ್ಞರ ಗತ್ತಿನಲ್ಲಿ ಹೇಳಿದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಿಮಗೆ ಬಂದಿದ್ದು ಸಿಬ್ಬು ಒಂದೇ. ಬೆವರಿಗೆ ಬರೋ ಫಂಗಸ್ಸು, ಸರಿಯಾದ ಔಷಧಿ ಹಚ್ಚಿದ್ರೆ ಎರಡು ವಾರದಲ್ಲಿ ಹೋಗುತ್ತೆ. ಮೈಬಣ್ಣ ತುಂಬೋಕೆ ಮಾತ್ರ ಎರಡು ಮೂರು ತಿಂಗಳು ಬೇಕು. ಉಳಿದ ನಾಲ್ಕು ರೋಗ ನಿಮ್ಮ ಸ್ವಂತ ಸಂಪಾದನೆ."

"ತೊನ್ನಲ್ವಲ್ಲ?" ಎಂದೆ.

"ಅಲ್ಲ. ಆಗಿದ್ರೂ ಅದು ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ. ಚೀಟಿ ಇಲ್ಲದೆ ತಂದು ಹಚ್ಚಿಕೊಳ್ತೀರಲ್ಲ, ಆ ಟ್ಯೂಬಿಗೆ ಹೆದರಿ."

ನಾನು ಕೈಮುಗಿದು ಎದ್ದೆ. ಚನ್ನಬಸಪ್ಪನವರು ಏಳಲಿಲ್ಲ. ಒಮ್ಮೆ ಬಾಗಿಲ ಕಡೆ ನೋಡಿದರು, ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಜುಬ್ಬಾ ಮೇಲೆತ್ತಿದರು. ಬೆನ್ನಿನ ಅರ್ಧದವರೆಗೆ ಹರಡಿದ್ದದ್ದು ನನ್ನದೇ ಮಚ್ಚೆಯ ತುಂಬು ಸಂಸಾರ.

"ಎಷ್ಟು ವರ್ಷದಿಂದ?" ಡಾಕ್ಟರಮ್ಮ ಕೇಳಿದರು.

"ಎಂಟೊಂಬತ್ತು ವರ್ಷ ಆಯ್ತು. ಒಬ್ನೇ ಬರೋಕೆ ಧೈರ್ಯ ಆಗಿರ್ಲಿಲ್ಲ. ಇವತ್ತು ಜೊತೆ ಸಿಕ್ತು."

ಇಬ್ಬರಿಗೂ ಒಂದೇ ಔಷಧಿ ಬರೆದರು. ಕಾರಿನಲ್ಲಿ ಕೂರುವಾಗ ಚನ್ನಬಸಪ್ಪನವರು ಮೊದಲ ಬಾರಿಗೆ ನನ್ನನ್ನು "ಬೀಗ್ರೇ" ಎಂದು ಕರೆದರು. ನನ್ನ ಕಣ್ಣು ತುಂಬಿಬಂತು. ಅದರ ಜೊತೆಗೆ, ನಿಜ ಹೇಳಬೇಕಲ್ಲ, ಸಣ್ಣದೊಂದು ಅಹಂಕಾರವೂ ಬಂತು. ಏನೇ ಆಗಲಿ, ಮಗಳ ಸಂಬಂಧ ಗಟ್ಟಿಯಾದದ್ದು ನನ್ನ ಕೆನ್ನೆಯಿಂದಲೇ ತಾನೆ?

ಅವರೆಲ್ಲ ಹೊರಟುಹೋದ ಮೇಲೆ ಸುಮಾಳ ಹತ್ತಿರ ಅದನ್ನೇ ಹೇಳಿದೆ.

"ಅಪ್ಪಾಜಿ, ನೀವು ಅತ್ತ ಹೋದ್ಮೇಲೆ ನಾವಿಬ್ರೂ ಹಿತ್ತಲಲ್ಲಿ ಮಾತಾಡಿದ್ವಿ" ಎಂದಳು ಅವಳು. "ಮೂರು ವಾರದಿಂದ ನಡೆದಿದ್ದೆಲ್ಲ ನಾನೇ ಹೇಳ್ದೆ. ಅದು ತೊನ್ನೇ ಅಂತ ಡಾಕ್ಟ್ರು ಹೇಳಿದ್ರೆ ಏನ್ಮಾಡ್ತೀರಿ ಅಂತಾನೂ ಕೇಳ್ದೆ."

"ಹುಡುಗ ಏನಂದ?"

"ಯಾವತ್ತು ಬಂದು ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿ ಅಂತ ಕೇಳಿದ್ರು. ನಾನು ಆಗ್ಲೇ ಹೂಂ ಅಂದುಬಿಟ್ಟೆ. ನೀವಿನ್ನೂ ಶಿವಮೊಗ್ಗ ಮುಟ್ಟಿರ್ಲಿಲ್ಲ."

ಗಿರಿಜಾ ಔಷಧಿಯ ಪೊಟ್ಟಣ ಬಿಚ್ಚಿ, "ಸಾಕು, ಕೆನ್ನೆ ಈ ಕಡೆ ತಿರುಗಿಸಿ" ಎಂದಳು. ತಿರುಗಿಸಿದೆ.

ನಿಶ್ಚಿತಾರ್ಥ ಮಾತ್ರ ಮೂರು ತಿಂಗಳು ತಡವಾಯಿತು. ಹುಡುಗ ಹುಡುಗಿ ಮರುವಾರಕ್ಕೇ ತಯಾರಿದ್ದರು. ಫೋಟೋದಲ್ಲಿ ನನ್ನ ಮುಖ ಚೆನ್ನಾಗಿ ಬರಬೇಕಿತ್ತು!