ಮಾವನ ತಲೆ ಇಕ್ಕಳ

ಮದ್ದೂರು ತಾಲ್ಲೂಕಿನಲ್ಲಿ ನಮ್ಮ ಮಾವನಿಗಿಂತ ದೊಡ್ಡ ಪುಕ್ಕಲ ಇದ್ದನೆಂದು ಯಾರಾದರೂ ತೋರಿಸಿಕೊಟ್ಟರೆ ನನ್ನ ಕಿವಿಯ ಓಲೆ ಬಿಚ್ಚಿಕೊಡುತ್ತೇನೆ. ಬೇಕಾದರೆ ಮಂಡ್ಯ, ಮಳವಳ್ಳಿಯನ್ನೂ ಸೇರಿಸಿಕೊಂಡು ಹುಡುಕಿ. ಓಲೆ ನನ್ನ ಕಿವಿಯಲ್ಲೇ ಉಳಿಯುತ್ತದೆ! ಕಪ್ಪೆ ಕಂಡರೆ ಹೆದರುತ್ತಿದ್ದ. ಪಕ್ಕದ ಮನೆಯ ಹೋತ ಗುರಾಯಿಸಿದರೆ ಬೀದಿ ಬದಲಾಯಿಸುತ್ತಿದ್ದ. ಬಾವಿಯೊಳಗೆ ಬಗ್ಗಿ ನೋಡಿ, ಕೆಳಗಿನಿಂದ ತನ್ನದೇ ಮುಖ ಮೇಲಕ್ಕೆ ನೋಡಿದ್ದಕ್ಕೆ ಬೆಚ್ಚಿ ಬಿಂದಿಗೆಯನ್ನೇ ಬಾವಿಗೆ ಬಿಟ್ಟವನು ಅವನು.

ಮಾವ ಎಂದರೆ ನಮ್ಮವ್ವನ ಒಡಹುಟ್ಟಿದ ತಮ್ಮ; ಅಜ್ಜಿಯೂ ಅವನೂ ಇದ್ದದ್ದು ನಮ್ಮ ಮನೆಯಲ್ಲೇ. ಏಕವಚನ ಕಂಡು ಹುಬ್ಬೇರಿಸಬೇಡಿ. ನಮ್ಮ ಕೊಪ್ಪದ ಕಡೆ ಮರ್ಯಾದೆ ಕೊಡುವುದು ಅಮಲ್ದಾರರಿಗೆ, ಮನೆಯವರಿಗಲ್ಲ. ನಾನು ಹುಟ್ಟಿದ ದಿನವೇ ಅಜ್ಜಿ ನನ್ನ ಮುಖ ನೋಡಿ, "ಇದು ನನ್ ಸೊಸೆ ಕಣ್ರವ್ವ" ಎಂದು ಕೇರಿಗೆಲ್ಲ ಕೇಳುವಂತೆ ಸಾರಿದ್ದಳಂತೆ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅಂದಮೇಲೆ ಮಾವನ ಈ ಹೆದರಿಕೆಯ ಗಂಟೆಲ್ಲ ಮುಂದೊಂದು ದಿನ ನನ್ನ ತಲೆಗೇ ಬರುವುದಿತ್ತು!

ಇಂಥವನು ಓದಲು ಹೋದದ್ದೆಲ್ಲಿಗೆ? ಕಲ್ಕತ್ತೆಗೆ! ಲಾಯರಿಕೆಯೋ ಡಾಕ್ಟರಿಕೆಯೋ ಅಲ್ಲ, ಮಾನವಶಾಸ್ತ್ರ. ಮೈಸೂರಿನಲ್ಲಿ ಬಿ.ಎ. ಮಾಡುವಾಗ ಯಾವನೋ ಪುಣ್ಯಾತ್ಮ ಅವನ ತಲೆಗೆ ಇದನ್ನು ತುಂಬಿದ್ದ. ಮೊದಲ ಸಲ ರಜಕ್ಕೆ ಬಂದಾಗ ಪಕ್ಕದ ಮನೆಯ ದೊಡ್ಡಪ್ಪ ಜಗಲಿಯ ಮೇಲೆ ಕೂತು ವಿಚಾರಣೆ ಶುರುಮಾಡಿದರು.

"ಏನ್ಲಾ ಓದ್ತಾ ಇದೀಯ?"

"ಜನರನ್ನ ಓದೋದು ದೊಡ್ಡಪ್ಪ. ಅವ್ರು ಎಂಗಿರ್ತಾರೆ, ಏನ್ ಉಣ್ತಾರೆ, ಯಾರ್ನ ಮದ್ವೆ ಆಯ್ತಾರೆ, ಅದು."

ದೊಡ್ಡಪ್ಪ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಅದ್ನ ನಮ್ಮೋಳು ನೀರಿಗೋದಾಗ ದಿನಾ ಓದ್ಕಂಡು ಬತ್ತಾಳೆ. ಅದ್ಕೆ ಕಲ್ಕತ್ತಕ್ ಓಗ್ಬೇಕಿತ್ತೇನ್ಲಾ?"

ಮುಂದಿನ ಸಲ ಬಂದಾಗ ಓದು ಮುಗಿಯಲು ಇನ್ನು ಕೆಲವೇ ತಿಂಗಳು ಬಾಕಿಯಿತ್ತು. ಊರಕಡೆಯ ಜನರ ತಲೆಗಳನ್ನು ಅಳೆದುಕೊಂಡು ಬಾ, ಅದರ ಮೇಲೆ ಬರೆದರೆ ಎಂ.ಎ. ಆಗುತ್ತದೆ ಎಂದು ಅವನ ಮೇಷ್ಟರು ಒಂದು ಉಕ್ಕಿನ ಸಲಕರಣೆ ಕೊಟ್ಟು ಕಳಿಸಿದ್ದರು. ಕೊಂಬಿನ ಹಾಗೆ ಬಾಗಿದ ಎರಡು ಕಾಲು, ನಡುವೆ ಅಳತೆಯ ಪಟ್ಟಿ. ಅದಕ್ಕೆ ಇಂಗ್ಲಿಷಿನಲ್ಲಿ ಏನು ಹೆಸರಿತ್ತೋ, ನಮ್ಮ ಮನೆಯಲ್ಲಿ ಅದು ತಲೆ ಇಕ್ಕಳವಾಯಿತು. ಅಜ್ಜಿ ಅದನ್ನು ಮೊದಲು ಬಳಸಿದ್ದು ಒಲೆಯಿಂದ ಗೆಣಸು ತೆಗೆಯಲು.

ಮಾವ ಊರಿಗೆ ಬಂದು ಕೂತಿರುವಾಗಲೇ ಕಲ್ಕತ್ತೆಯ ಮೇಲೆ ಜಪಾನಿನವರ ಬಾಂಬು ಬಿತ್ತು ಎಂಬ ಸುದ್ದಿ ಬಂತು. ಮುಗಿಯಿತು ಕಥೆ! ಮೊದಲೇ ಪುಕ್ಕಲ, ಈಗ ಕಾರಣವೂ ಸಿಕ್ಕಿತು. ಬೆಂಗಳೂರಿನ ದಿಕ್ಕಿನಿಂದ ಆಗೀಗ ಒಂದು ವಿಮಾನ ಗುಯ್ಯೆಂದರೆ ಸಾಕು, ಎಲ್ಲಿದ್ದರೆ ಅಲ್ಲಿ ಬೋರಲು ಬೀಳುತ್ತಿದ್ದ. ಒಂದು ಸಲ ಗದ್ದೆಯ ಕೆಸರಿನಲ್ಲಿ, ಇನ್ನೊಂದು ಸಲ ಬೀಗರ ಮನೆಯ ಊಟದ ಪಂಕ್ತಿಯಲ್ಲಿ. ಹಿತ್ತಲಿನಲ್ಲಿ ಅವಿತುಕೊಳ್ಳಲೆಂದು ಆಳುದ್ದದ ಗುಂಡಿ ತೋಡಿದ. ಅಜ್ಜಿ ಮಾರನೆಯ ದಿನವೇ ಅದರಲ್ಲಿ ಗೊಬ್ಬರ ಸುರಿದು ಬಾಳೆಗಂದು ನೆಟ್ಟಳು.

ಹಿಂದಕ್ಕೆ ಹೋಗಿ ಓದು ಮುಗಿಸುವುದೋ ಬೇಡವೋ? ಮನೆಯಲ್ಲಿ ಊಟಕ್ಕೆ ಕೂತರೂ ಇದೇ ಮಾತು, ಎದ್ದರೂ ಇದೇ. ಮುಗಿಸಿದರೆ ಯಾವ ಕೆಲಸ ಸಿಗುತ್ತದೆ ಎಂದು ವಿಚಾರಿಸಲು ಅಪ್ಪ ಮಂಡ್ಯಕ್ಕೆ ಹೋಗಿ, ತಿಳಿದವರೊಬ್ಬರನ್ನು ಕಂಡು ಬಂದರು.

"ಅಂತಾ ಓದಿಗೆ ನಮ್ ಸಂಸ್ಥಾನದಲ್ಲಿ ಇದ್ರೆ ಒಂದೇ ಒಂದು ಕೆಲ್ಸ ಇರ್ಬೋದಂತೆ. ಅದ್ರಲ್ಲೂ ಆಗ್ಲೇ ಯಾರೋ ಕೂತವ್ರಂತೆ."

ಅಜ್ಜಿ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. "ಅವ್ರಿಗೆ ವಯಸ್ಸೆಷ್ಟಂತೆ?"

"ಗಟ್ಟಿಮುಟ್ಟಾಗವ್ರಂತೆ ಕಣವ್ವ."

"ಅಯ್ಯೋ ಪಾಪ" ಎಂದಳು ಅಜ್ಜಿ. ಪಾಪ ಯಾರಿಗೆಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಅಪ್ಪ ಬರಿಗೈಯಲ್ಲಿ ಬಂದಿರಲಿಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗಿಸಿಕೊಳ್ಳುವ ಗುಮಾಸ್ತನ ಕೆಲಸಕ್ಕೆ ಮಾತಾಡಿ ಬಂದಿದ್ದರು. ಯುಗಾದಿಯೊಳಗೆ ಹೂಂ ಎಂದರೆ ಕೆಲಸ ಖಾಯಂ, ವೈಶಾಖದಲ್ಲಿ ಮದುವೆ. ಯಾರ ಮದುವೆ? ನನ್ನದೇ! ಆಗ ನನ್ನ ಪಾಡು ಕೇಳಿ. ಮಾವ ಹೋದರೆ ತಲೆಯ ಮೇಲೆ ಬಾಂಬು. ಹೋಗದಿದ್ದರೆ ಅರ್ಧಕ್ಕೆ ಬಿಟ್ಟುಬಂದೆನೆಂದು ಜೀವಮಾನವೆಲ್ಲ ಕಬ್ಬಿನ ಗಾಡಿಯ ಮುಂದೆ ಕೊರಗುವ ಗಂಡ. ನನಗೆ ಎರಡಕ್ಕೂ ಭಯ. ಅವ್ವನ ಮುಂದೆ ಹೇಳಿಕೊಂಡರೆ, "ಈಗ್ಲೇ ಗಂಡನ ಗುಣ ಬಂದದೆ ನಿಂಗೆ" ಎಂದು ನಕ್ಕುಬಿಟ್ಟಳು.

ಮಾವ ಏನು ಮಾಡಿದ ಎನ್ನುತ್ತೀರಿ? ಹೊರಟ. ಗಾಡಿ ಕಟ್ಟಿಸಿ, ಟ್ರಂಕು ಏರಿಸಿ ಮದ್ದೂರು ಸ್ಟೇಷನ್ನಿಗೆ ಹೋದ. ರೈಲು ಬಂತು, ರೈಲು ಹೋಯಿತು, ಮಾವ ಬಂದ. ಎದುರಿಗೆ ಯಾರೋ ಸೀನಿದರಂತೆ. ಮುಂದಿನ ವಾರ ಮತ್ತೆ ಹೊರಟ; ಆ ಸಲ ಇಂಜಿನ್ನಿನ ಸದ್ದು ಸರಿಯಿರಲಿಲ್ಲವಂತೆ. ಹೀಗೇ ನಡೆದು ನಡೆದು ನಮ್ಮ ಎತ್ತುಗಳಿಗೂ ಈ ಪದ್ಧತಿ ಅಭ್ಯಾಸವಾಯಿತು. ಸ್ಟೇಷನ್ನಿನ ಮುಂದೆ ನಿಲ್ಲುವುದು, ಒಂದಿಷ್ಟು ಹುಲ್ಲು ಮೇಯುವುದು, ರೈಲು ಕೂಗಿದ ಕೂಡಲೇ ಯಾರೂ ಹೇಳದೆ ಕೊಪ್ಪದ ಕಡೆ ಮುಖ ತಿರುಗಿಸುವುದು!

ಹೋಗಲಿ ಬಿಡಲಿ, ತಲೆಯನ್ನಾದರೂ ಅಳೆದಿಟ್ಟುಕೊಳ್ಳುತ್ತೇನೆ ಎಂದು ಮಾವ ಒಂದು ದಿನ ಆತಗೂರಿಗೆ ಹೊರಟ. ಅಲ್ಲಿ ಅವ್ವನ ಚಿಕ್ಕಮ್ಮನ ಮನೆ. ಒಬ್ಬನೇ ಹೋಗಲು ಭಯವೆಂದು ಅಜ್ಜಿಯನ್ನೂ ನನ್ನನ್ನೂ ಕರೆದುಕೊಂಡ. ಅರಳಿಕಟ್ಟೆಯ ಮೇಲೆ ಕೂತು ಇಕ್ಕಳ ಹಿಡಿದ. ಮೊದಲು ಜನ ತಮಾಷೆಯೆಂದು ತಲೆ ಕೊಟ್ಟರು. ಮಾವನೂ ಸುಮ್ಮನೆ ಅಳೆಯಬಾರದೇ? ಪ್ರತಿ ತಲೆಗೂ "ಬಾಳ ಚೆನ್ನಾಗದೆ, ಇಂತಾ ತಲೇನೇ ಬೇಕಾಗಿತ್ತು" ಎಂದು ಮೆಚ್ಚಿಕೊಳ್ಳುತ್ತಿದ್ದ.

ಅಲ್ಲೇ ಎಡವಟ್ಟಾದದ್ದು. ಊರ ಮುಂದಿನ ಹಳ್ಳಕ್ಕೆ ಆಗ ಸೇತುವೆ ಕಟ್ಟುತ್ತಿದ್ದರು. ಎಬ್ಬಿಸಿದ ಕಂಬ ಮಳೆಗೆ ಕುಸಿದು ಬಿದ್ದಿತ್ತು. ಕಂಬ ನಿಲ್ಲಬೇಕಾದರೆ ಬುಡಕ್ಕೆ ಮನುಷ್ಯನ ತಲೆ ಹಾಕಬೇಕಂತೆ ಎಂಬ ಗುಸುಗುಸು ಎಷ್ಟೋ ದಿನದಿಂದ ಹೊಗೆಯಾಡುತ್ತಿತ್ತು. ಈಗ ಪೇಟೆ ಕೋಟು ತೊಟ್ಟವನೊಬ್ಬ ಬಂದು, ಇಕ್ಕಳ ಹಿಡಿದು, ಇಂಥ ತಲೆಯೇ ಬೇಕಾಗಿತ್ತು ಎನ್ನುತ್ತಿದ್ದಾನೆ! ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಆತಗೂರಿನ ಬಾಗಿಲುಗಳೆಲ್ಲ ದಡದಡ ಮುಚ್ಚಿಕೊಂಡವು. ತಾಯಂದಿರು ಮಕ್ಕಳ ತಲೆಗೆ ಸೆರಗು ಮುಚ್ಚಿ ಒಳಗೆ ಎಳೆದುಕೊಂಡರು. ಆಮೇಲೆ ಗಂಡಸರು ದೊಣ್ಣೆ ಹಿಡಿದು ನಮ್ಮ ಚಿಕ್ಕಜ್ಜಿಯ ಮನೆಯ ಮುಂದೆ ಸೇರಿದರು.

"ತಲೆ ಕದಿಯೋನ್ನ ಈಚೆಗ್ ಕಳ್ಸಿ!"

ಮಾವ ಎಲ್ಲಿ? ನಡುಮನೆಯಲ್ಲಿಲ್ಲ, ಅಟ್ಟದ ಮೇಲಿಲ್ಲ. ಕೊನೆಗೆ ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಯೊಳಗಿಂದ ಸೀನು ಕೇಳಿಸಿತು. ಇಣುಕಿದರೆ, ಮೊಣಕಾಲು ಗಲ್ಲಕ್ಕೆ ಸೇರಿಸಿಕೊಂಡು, ಇಕ್ಕಳವನ್ನು ಎದೆಗವಚಿಕೊಂಡು ಕೂತಿದ್ದಾನೆ. ಅವನು ನಡುಗುವ ರಭಸಕ್ಕೆ ವಾಡೆಯೇ ನಡುಗುತ್ತಿತ್ತು.

ಈಗ ನಗುತ್ತಾ ಬರೆಯುತ್ತಿದ್ದೇನೆ. ಅವತ್ತು ನಗು ಬಂದಿರಲಿಲ್ಲ. ಒಬ್ಬ ದೊಣ್ಣೆಯಿಂದ ಬಾಗಿಲಿಗೆ ಬಡಿದಾಗ ಕೊಂದೇ ಬಿಡುತ್ತಾರೆ ಎನ್ನಿಸಿತು. ಕಲ್ಕತ್ತೆಯ ಬಾಂಬಿನಿಂದ ತಪ್ಪಿಸಿಕೊಂಡವನು ನೆಂಟರ ಮನೆಯಲ್ಲಿ ಸಾಯಬೇಕೆ? ಯೋಚನೆ ಮಾಡಿದ್ದರೆ ನಾನೂ ವಾಡೆ ಹುಡುಕುತ್ತಿದ್ದೆನೋ ಏನೋ. ಯೋಚಿಸದೆ ಬಾಗಿಲು ತೆಗೆದುಬಿಟ್ಟೆ.

"ನಮ್ ಮಾವ ತಲೆ ಕದಿಯೋನಲ್ಲ. ಸುಮ್ನೆ ಅಳೀತಾನೆ ಅಷ್ಟೆ. ಬೇಕಾದ್ರೆ ನನ್ ತಲೆ ಅಳೀಲಿ, ನೋಡ್ಕಳಿ!" ಎಂದು ಕೂಗಿ ಜಗಲಿಯ ಮೇಲೆ ಕೂತೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. ಅಜ್ಜಿ ವಾಡೆಯೊಳಗೆ ಕೈಹಾಕಿ ಮಗನ ಜುಟ್ಟು ಹಿಡಿದೆಳೆದು ಹೊರಗೆ ನಿಲ್ಲಿಸಿದಳು. ಮೈತುಂಬ ರಾಗಿ ಹೊಟ್ಟು. ಕಾಲು ನಿಲ್ಲುತ್ತಿಲ್ಲ. ಆದರೆ ಇಕ್ಕಳ ತೆರೆದು ನನ್ನ ಹಣೆಯ ಎರಡು ಬದಿಗೆ ಇಟ್ಟನಲ್ಲ, ಆಗ ಅವನ ಕೈ ನಡುಗಲಿಲ್ಲ. ಉಕ್ಕು ತಣ್ಣಗಿತ್ತು, ಮುಟ್ಟಿತೋ ಇಲ್ಲವೋ ಎಂಬಷ್ಟು ಹಗುರವಾಗಿ ಮುಟ್ಟಿತು.

ಊರಿನ ಯಜಮಾನರು ಕಣ್ಣು ಕಿರಿದು ಮಾಡಿಕೊಂಡು ಹತ್ತಿರ ಬಂದರು. ನಮ್ಮ ಕಡೆ ಮದುವೆಗೆ ಮುಂಚೆ ಬಾಸಿಂಗ ಮಾಡುವವನು ಬಂದು, ದಾರ ಹಿಡಿದು, ಹುಡುಗಿಯ ಹಣೆಯ ಅಗಲ ನೋಡಿಕೊಂಡು ಹೋಗುವುದುಂಟು. ಯಜಮಾನರ ಮುಖ ಅರಳಿತು.

"ಥೂ ನಿಮ್ಮ! ಬಾಸಿಂಗದ್ ಅಳತೆ ಕಣ್ರಲಾ ಇದು! ಅಕ್ಕನ್ ಮಗಳ್ನ ಮದ್ವೆ ಆಗೋ ಗಂಡು, ಆಸೆಗೆ ತಾನೇ ಅಳೀತಾವ್ನೆ. ದೊಣ್ಣೆ ಕೆಳಗಾಕ್ರಲಾ!"

"ಮತ್ತೆ ನಮ್ ತಲೆ ಯಾಕ್ ಅಳೆದ?" ಎಂದ ಒಬ್ಬ.

"ಕೈ ಪಳಗ್ಲಿ ಅಂತ ಕಣ್ಲಾ!"

ಅಷ್ಟೇ. ದೊಣ್ಣೆಗಳು ಕೆಳಗಿಳಿದವು, ಬಾಗಿಲುಗಳು ತೆರೆದವು, ಹೆಂಗಸರು ನನ್ನನ್ನು ಮುತ್ತಿಕೊಂಡು ಮದುವೆ ಯಾವತ್ತು ಎಂದು ಪೀಡಿಸತೊಡಗಿದರು. ವರ್ಷಗಟ್ಟಲೆ ಕಲಿತ ಶಾಸ್ತ್ರಕ್ಕೆ ಆತಗೂರಿನವರು ಒಂದೇ ಗಳಿಗೆಯಲ್ಲಿ ಉಪಯೋಗ ಹುಡುಕಿಕೊಟ್ಟಿದ್ದರು!

ಸಂಜೆ ಕೊಪ್ಪಕ್ಕೆ ಬಂದ ಮೇಲೆ ಮಾವ ಹಿತ್ತಲಿನ ಬಾಳೆಯ ಹತ್ತಿರ ಸುಮ್ಮನೆ ಕೂತಿದ್ದ. ನಾನು ಹೋಗಿ ನಿಂತೆ.

"ಮಾವ, ನಿಜ ಯೋಳು. ನಿಂಗೆ ಬಾಂಬಿಂದೇ ಭಯವಾ?"

ಅವನು ಬಾಳೆಯ ಎಲೆಯೊಂದನ್ನು ಸೀಳುತ್ತಾ ಹೇಳಿದ. "ಬಾಂಬಿಂದೂ ಭಯವೇ. ಅದ್ಕಿಂತ ದೊಡ್ದು ಇನ್ನೊಂದದೆ. ಒಂದಿನ ಪಾಠದಲ್ಲಿ ಮೇಷ್ಟ್ರು ಓದುದ್ರು ಕಣಮ್ಮಿ, ತೆಂಕಣದ ಕಡೆ ಕೆಲವು ಜನ ಅಕ್ಕನ್ ಮಗಳ್ನ ಮದ್ವೆ ಆಯ್ತಾರೆ ಅಂತ. ಇಡೀ ಕ್ಲಾಸು ನಕ್ತು. ಅಂತೋರು ಈಗ್ಲೂ ಅವ್ರಾ ಅಂತ ಒಬ್ಬ ಕೇಳ್ದ. ನಾನು ಅಲ್ಲೇ ಕೂತಿದ್ದೆ. ಬಾಯ್ ಬುಡ್ಲಿಲ್ಲ. ನಿನ್ ಮುಖ ನೆಪ್ಪಾಯ್ತು, ತಲೆ ಬಗ್ಗುಸ್ಕಂಡೆ."

ನಾನು ಅವನೆದುರು ಕುಕ್ಕರಿಸಿದೆ.

"ಇನ್ನೂ ಓದುದ್ರೆ ನಾನೂ ನಿಮ್ಮನ್ನೆಲ್ಲ ಅಂಗೇ ನೋಡ್ಬುಡ್ತೀನೇನೋ ಅಂತ ಭಯ. ಅವ್ವ, ಅಕ್ಕ, ನೀನು, ಎಲ್ಲ ಬರೀ ತಲೆಗಳಾಗ್ಬುಟ್ರೆ?"

ಸಿಟ್ಟು ಬಂತು, ಅಳುವೂ ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ.

"ಇವತ್ತು ನನ್ ತಲೆ ಅಳೆದ್ಯಲ್ಲ, ಆಗ ಎಂಗೆ ಕಂಡೆ ನಾನು?"

ಮಾವ ಸೀಳಿದ ಎಲೆಯನ್ನು ಕೆಳಗಿಟ್ಟ. "ನಿನ್ನಂಗೇ ಕಂಡೆ."

"ಅಂಗಾರೆ ಓಗು. ಓಗಿ ಮುಗ್ಸು. ನೀನು ಬುಟ್ಬುಟ್ರೆ, ನಮ್ ಇಚಾರ ಪಾಠ ಯೋಳೋಕೆ ಆ ನಕ್ಕೋರೇ ಉಳೀತಾರೆ."

ಮುಂದಿನ ವಾರ ಗಾಡಿ ಮತ್ತೆ ಮದ್ದೂರಿಗೆ ಹೋಯಿತು. ರೈಲು ಕೂಗಿತು, ಎತ್ತುಗಳು ರೂಢಿಯಂತೆ ಕೊಪ್ಪದ ಕಡೆ ತಿರುಗಿದವು. ಮಾವ ಮಾತ್ರ ಬರಲಿಲ್ಲ. ಖಾಲಿ ಗಾಡಿ ಬಾಗಿಲಿಗೆ ಬಂದು ನಿಂತಿತು. ಅವನ ಮೈಯಲ್ಲಿದ್ದ ಹೆದರಿಕೆಯನ್ನೆಲ್ಲ ನನಗೆ ಇಳಿಸಿ ಹೋಗಿದ್ದನೋ ಏನೋ! ವಿಮಾನದ ಸದ್ದಿಗೆ ಈಗ ನಾನು ಬೆಚ್ಚುತ್ತಿದ್ದೆ. ಬಂಗಾಳದ ಬೀದಿಗಳಲ್ಲಿ ಜನ ಅನ್ನವಿಲ್ಲದೆ ಸಾಯುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಅಜ್ಜಿಯೂ ನಾನೂ ತಟ್ಟೆಯ ಮುಂದೆ ಕೂತು, ಮುದ್ದೆ ಮುರಿಯದೆ ಎದ್ದ ದಿನಗಳುಂಟು. ಹೋಗು ಎಂದವಳು ನಾನೇ ತಾನೇ? ಇದನ್ನು ಯಾರ ಮುಂದೆ ಹೇಳಲಿ?

ಬಂದ. ಕೋಟು ಹೆಗಲಿಂದ ಜಾರುವಷ್ಟು ಬಡಕಲಾಗಿ, ಎಂ.ಎ. ಆಗಿ ಬಂದ. ಅಜ್ಜಿ ಮೈಯೆಲ್ಲ ಸವರಿ ಅತ್ತು ಮುಗಿಸಿದ ಮೇಲೆ ಮೊದಲು ಕೇಳಿದ್ದು, "ಆ ಕೆಲ್ಸದೋರು ಇನ್ನೂ ಗಟ್ಟಿಮುಟ್ಟಾಗವ್ರಾ?" ಎಂದು. ಇದ್ದರು. ಹಾಗಾಗಿ ಮಾವ ಮಳವಳ್ಳಿಯ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟರಾದ. ಜಗಲಿಯ ದೊಡ್ಡಪ್ಪ, "ಮಳವಳ್ಳಿಗೆ ಓಗೋಕೆ ಕಲ್ಕತ್ತದ್ ದಾರೀಲಿ ಓದ್ನಲ್ಲಾ!" ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಮದುವೆಯ ದಿನ ಇನ್ನೊಂದು ಫಜೀತಿ. ಅಳತೆ ಆಗಲೇ ಆಗಿದೆ ಎಂದು ಆತಗೂರಿನವರು ಸೀಮೆಗೆಲ್ಲ ಸಾರಿದ್ದರಲ್ಲ, ಬಾಸಿಂಗ ಮಾಡುವವನು ನನ್ನ ಹಣೆ ನೋಡಲು ಬಂದೇ ಇರಲಿಲ್ಲ! ಅಂದಾಜಿನ ಮೇಲೆ ಮಾಡಿ ತಂದಿದ್ದ. ಕಟ್ಟಿದ ಕೂಡಲೇ ಅದು ಜಾರಿ ಮೂಗಿನ ಮೇಲೆ ಕೂತಿತು. ನನಗೆ ಚಪ್ಪರವೂ ಕಾಣದು, ಗಂಡನೂ ಕಾಣ. ಅವ್ವ ಎಳೆದಳು, ಚಿಕ್ಕಜ್ಜಿ ಎತ್ತಿದಳು. ಅದು ಮತ್ತೆ ಜಾರಿತು. ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಕೂಗಾಡತೊಡಗಿದರು.

ಆಗ ಎರಡು ಕೈ ಬಂದು ಬಾಸಿಂಗವನ್ನು ಮೆಲ್ಲಗೆ ಬಿಚ್ಚಿದವು. ಎರಡೂ ಬದಿಯ ಬೆಂಡನ್ನು ಇಷ್ಟಿಷ್ಟೇ ಒಳಕ್ಕೆ ಮಡಿಸಿ, ದಾರ ಎಳೆದು, ನನ್ನ ಹಣೆಗೆ ಕಟ್ಟಿದವು. ಕೂದಲೆಳೆಯಷ್ಟೂ ಅತ್ತಿತ್ತ ಆಗದೆ ಕೂತಿತು. ಆ ಕೈ ನಡುಗುತ್ತಿರಲಿಲ್ಲ.

"ಅಳತೆ ನಂಗೊತ್ತು" ಎಂದ ಮಾವ, ಎಲ್ಲರಿಗೂ ಕೇಳುವ ಹಾಗೆ.

ಇಡೀ ಚಪ್ಪರ ಗೊಳ್ಳೆಂದು ನಕ್ಕಿತು. ನಾನು ಹೆದರಿ ಅವನ ಮುಖ ನೋಡಿದೆ. ಈ ಸಲ ಅವನು ತಲೆ ಬಗ್ಗಿಸಿರಲಿಲ್ಲ.