ಅಮ್ಮನ ಗಾಲಿಕುರ್ಚಿಯ ಬ್ರೇಕಿಗೆ ಸ್ಪ್ರಿಂಗ್ ಸುತ್ತಿದ ಬಗ್ಗೆ

ಗಾಲಿಕುರ್ಚಿ ಕಂಪನಿಯ ಬಿಡಿಭಾಗ ವಿಭಾಗದ ಮಾನ್ಯ ಮುಖ್ಯಸ್ಥರೇ,

ತಮ್ಮ ಕೃಪೆಯಿಂದ ಕಮ್ಮಾರನಾದ ಈ ಬಡಪಾಯಿ, ಸುಟ್ಟ ಬೆರಳುಗಳನ್ನು ಕಷ್ಟಪಟ್ಟು ಜೋಡಿಸಿ ಮಾಡುವ ವಂದನೆಗಳು.

ನಮ್ಮ ಅಮ್ಮನ ಕುರ್ಚಿಯ ಬ್ರೇಕಿನ ಸ್ಪ್ರಿಂಗ್ ಮುರಿದು, ಕುರ್ಚಿಯು ಅವರನ್ನು ಹೊತ್ತುಕೊಂಡು ನಮ್ಮ ಇಳಿಜಾರು ಬೀದಿಯಲ್ಲಿ ಹಣ್ಣಿನ ಗಾಡಿಯವರೆಗೆ ತಾನಾಗಿಯೇ ಸವಾರಿ ಹೋದ ಸಂಗತಿಯನ್ನು ತಿಳಿಸಿದಾಗ, ಕಿರುಬೆರಳಿಗಿಂತ ಚಿಕ್ಕದಾದ ಆ ಸ್ಪ್ರಿಂಗನ್ನು ಬಿಡಿಯಾಗಿ ಕೊಡುವುದಿಲ್ಲ, ಹೊಸ ಕುರ್ಚಿಯನ್ನೇ ಕೊಳ್ಳಿ ಎಂದು ತಾವು ಅಪ್ಪಣೆ ಕೊಡಿಸಿದಿರಿ. ಅಂಗಿಯ ಗುಂಡಿ ಕಿತ್ತುಹೋದರೆ ಬೀರುವನ್ನೇ ಬದಲಿಸುವ ತಮ್ಮ ಉದಾರ ಮನಸ್ಸಿಗೆ ನಾನು ತಲೆಬಾಗಿದ್ದೇನೆ.

ಅಂದಿನಿಂದ ಅಮ್ಮನನ್ನು ಹೊಸ್ತಿಲು ದಾಟಿಸಲು ನನಗೆ ಧೈರ್ಯವಾಗಲಿಲ್ಲ. ಬೀದಿಯ ಕೊನೆಯ ಬೆಂಚಿನ ಬಳಿ ಗೆಳತಿಯೊಂದಿಗೆ ಹರಟುವುದೊಂದೇ ಅವರಿಗಿದ್ದ ಹೊರಪ್ರಪಂಚ. ಅದು ತಪ್ಪಿದ್ದಕ್ಕೆ ಅವರು ಬೈದದ್ದು ತಮ್ಮನ್ನಲ್ಲ, ನನ್ನನ್ನು. ಆದ್ದರಿಂದ ಮೆಟ್ಟಿಲ ಕೆಳಗಿನ ಮೂಲೆಯನ್ನು ಕಾರ್ಖಾನೆ ಮಾಡಿಕೊಂಡು, ಕಬ್ಬಿಣದ ಕಂಬಿಯೊಂದನ್ನು ಬಿಗಿದು, ಅದಕ್ಕೆ ಉಕ್ಕಿನ ತಂತಿ ಸುತ್ತಲು ಕುಳಿತೆ.

ಸ್ಪ್ರಿಂಗಿನ ಒಳಗಿನ ಅಳತೆ ಎಷ್ಟು ಬೇಕೋ ಅಷ್ಟೇ ದಪ್ಪದ ಕಂಬಿಯನ್ನು ಆರಿಸಿದ್ದು ನನ್ನ ಬುದ್ಧಿವಂತಿಕೆ. ಕೈಬಿಟ್ಟ ತಕ್ಷಣ ತಂತಿ ಸರ್ರನೆ ಹಿಗ್ಗಿ, ಬ್ರೇಕಿನ ಮೊಳೆಯ ಮೇಲೆ ಅಜ್ಜನ ಚಡ್ಡಿಯಂತೆ ಜೋತಾಡಿತು. ಅಮ್ಮ ಕನ್ನಡಕ ಏರಿಸಿ ನೋಡಿ, "ಥೇಟ್ ನಿನ್ ಥರಾನೇ ಕಣೋ, ಹಿಡ್ಕೊಂಡಿರೋ ತನಕ ಮಾತ್ರ ಹೇಳಿದ್ ಮಾತು ಕೇಳುತ್ತೆ" ಎಂದರು. ಹಿಗ್ಗುವುದನ್ನು ಲೆಕ್ಕಕ್ಕೆ ಹಿಡಿದು ತೆಳುವಾದ ಕಂಬಿಗೆ ಸುತ್ತಿದ ಮೇಲೆ ಅಳತೆ ಕೂಡಿಬಂತು. ಅದು ಅದೇ ಆಕಾರದಲ್ಲಿ ನಿಲ್ಲಲು ಹದವಾಗಿ ಕಾಯಿಸಬೇಕಾದ್ದರಿಂದ ನನ್ನ ಹೆಂಡತಿಯ ಓವನ್ನಿಗೂ ಉದ್ಯೋಗ ಸಿಕ್ಕಿತು. "ಉಪ್ಪು ಹಾಕಿದ್ರಾ?" ಎಂದು ಅವಳು ವಿಚಾರಿಸಿದಳು.

ಇಷ್ಟೆಲ್ಲ ವಿದ್ಯೆ ಕಲಿಸಿದ ತಮ್ಮಲ್ಲಿ ನನ್ನ ಕೋರಿಕೆ ಅಲ್ಪ. ನಮ್ಮ ಬೀದಿಯನ್ನು ತಮ್ಮ ಕುರ್ಚಿಗೆ ತಕ್ಕಂತೆ ಮಟ್ಟಸ ಮಾಡಿಸಿಕೊಡಬೇಕು. ಅದಾಗದಿದ್ದರೆ, ಅಮ್ಮ ಹೊರಗೆ ಹೊರಡುವ ಹೊತ್ತಿನಲ್ಲಿ ಭೂಮಿಯ ಸೆಳೆತವನ್ನಾದರೂ ನಿಲ್ಲಿಸಿಡಬೇಕು.

ನಿನ್ನೆ ಆ ಸ್ಪ್ರಿಂಗ್ ಕೂಡಿಸಿದ ಕುರ್ಚಿಯಲ್ಲಿ ಹೊರಟು, ಇಳಿಜಾರಿನ ನಡುವೆ ಅಮ್ಮ ನನಗೆ ಕೈಬಿಡಲು ಹೇಳಿದರು. ಹಣ್ಣಿನ ಗಾಡಿ ಎಲ್ಲಿದೆಯೆಂದು ನೋಡಿಕೊಂಡು ಬಿಟ್ಟೆ. ಕುರ್ಚಿ ಉರುಳಿತು, ಅವರು ಬ್ರೇಕ್ ಎಳೆದರು, ನಿಂತಿತು. ಬೀದಿಯಲ್ಲೇ ನನಗೆ ಅಳು ಬಂತೆಂಬುದನ್ನೂ ತಮ್ಮ ದೂರು ವಿಭಾಗದಲ್ಲಿ ದಾಖಲಿಸಿಕೊಳ್ಳಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಮೆಟ್ಟಿಲ ಕೆಳಗಿನ ಕಾರ್ಖಾನೆಯ ಏಕೈಕ ಕಾರ್ಮಿಕ

ವಿ.ಸೂ.: ಅಮ್ಮ ತಮ್ಮನ್ನು ಕಾಣಲು ಖುದ್ದಾಗಿ ಬರುತ್ತಿದ್ದಾರೆ. ತಮ್ಮ ಕಚೇರಿಯ ಮುಂದೆ ಎಂಥ ಇಳಿಜಾರಿದ್ದರೂ ಚಿಂತೆಯಿಲ್ಲ, ಕುರ್ಚಿಯ ಬ್ರೇಕ್ ಹಿಡಿಯುತ್ತದೆ. ಅವರ ಬಾಯಿಗೆ ಬ್ರೇಕ್ ಮಾಡುವಷ್ಟು ಕಸುಬು ಮಾತ್ರ ನನಗಿನ್ನೂ ಕೈಹತ್ತಿಲ್ಲ.