ಮದ್ದಿನ ಬಂದೂಕೂ ನನ್ನ ಮೂರು ಗುಂಡುಗಳೂ

ಚಿಂತೆ ಮಾಡುವುದರಲ್ಲಿ ನನಗೆ ಯಾರ ನೆರವೂ ಬೇಕಾಗುವುದಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಪಾರ್ವತಿನಗರದ ಮನೆಗೆ ವಾಪಸಾಗುವ ಪೈಕಿ ನಾನು. ಇಂಥವನಿಗೆ ತಾತನ ಕಾಲದ ಮದ್ದಿನ ಬಂದೂಕು ಏಕೆ ಬೇಕಾಗಿತ್ತು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಗಿರಿಜಾ ಆಗಲೇ ಕೇಳಿದ್ದಾಳೆ. ಅವಳು ಕುರುಗೋಡಿನವಳು, ಸುತ್ತಿ ಬಳಸಿ ಮಾತಾಡುವವಳಲ್ಲ. "ಕುಕ್ಕರ್ ಸೀಟಿ ಹೊಡದ್ರ ಅಡಿಗಿ ಮನಿ ಬಿಟ್ಟು ಓಡ್ತೀರಿ. ನೀವೇನ್ ಬಂದೂಕು ಹೊಡೀತೀರಿ?"

ತೆಕ್ಕಲಕೋಟೆಯ ಗದ್ದೆಗೆ ಹಂದಿ ನುಗ್ಗದಿರಲೆಂದು ಲೈಸೆನ್ಸ್ ಪಡೆದ ಆ ಬಂದೂಕು ದೊಡ್ಡಪ್ಪನ ಹೆಸರಿನಲ್ಲಿತ್ತು. ಕಣ್ಣು ಮಂದವಾದ ಮೇಲೆ ಅವರು ಅದನ್ನು ನನಗೆ, ಇಲ್ಲವೇ ಸಿರುಗುಪ್ಪದಲ್ಲಿರುವ ಚಿಕ್ಕಪ್ಪನ ಮಗ ವೀರೇಶನಿಗೆ ವಹಿಸಬೇಕೆಂದಿದ್ದರು. ವೀರೇಶ ಧೈರ್ಯವಂತ, ಬಂದೂಕು ಸಿಗುವ ಮೊದಲೇ ಅದಕ್ಕೊಪ್ಪುವ ಮೀಸೆ ಬಿಟ್ಟಿದ್ದ. ಅವನ ಕೈಗೆ ಅದು ಹೋದರೆ ನೆಂಟರ ಮದುವೆ ಮೆರವಣಿಗೆಗಳ ಗತಿಯೇನು ಎಂಬುದು ನನ್ನ ಚಿಂತೆ. ಮೀಸೆಯ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತೆನ್ನಿ. ದೊಡ್ಡಪ್ಪ, "ಇಬ್ರೂ ಹೊಡದು ತೋರಸ್ರಿ, ಆಮ್ಯಾಲ ನೋಡೋಣ," ಎಂದುಬಿಟ್ಟರು.

ಈ ಬಂದೂಕಿಗೆ ತೋಟಾ ಇಲ್ಲ. ನಳಿಕೆಯ ಬಾಯಿಂದ ಮೊದಲು ಮದ್ದು ಸುರಿದು, ಅದರ ಮೇಲೆ ಬಟ್ಟೆಚೂರು ಸುತ್ತಿದ ಸೀಸದ ಗುಂಡನ್ನು ಕೋಲಿನಿಂದ ಜಡಿದು, ಹಿಂದೆ ಮದ್ದಿಗೆ ಕಿಡಿ ತಗುಲಿಸುವ ಕೇಪು ಇಟ್ಟು ಹೊಡೆಯಬೇಕು. ಎಷ್ಟು ಮದ್ದಿಗೆ ಗುಂಡು ನೆಟ್ಟಗೆ ಹೋಗುತ್ತದೆ ಎಂಬ ಲೆಕ್ಕ ತಾತನ ಜೊತೆಗೇ ಹೋಗಿತ್ತು. ಕೌಲ್ ಬಜಾರಿನಲ್ಲಿ ಬಂದೂಕು ರಿಪೇರಿ ಮಾಡುವ ಮುದುಕ ಸಾಹೇಬರು ನಳಿಕೆಯೊಳಗೆ ಬೆಳಕು ಬಿಟ್ಟು ನೋಡಿ, "ಬಂದೂಕು ಗಟ್ಟಿ ಐತ್ರಿ. ನೀವು ಗಟ್ಟಿ ಅದೀರೇನು ನೋಡ್ಕೊಳ್ರಿ. ಮದ್ದು ಕಮ್ಮಿಯಿಂದ ಶುರು ಮಾಡ್ರಿ," ಎಂದರು. ಕಮ್ಮಿ ಎಂಬ ಮಾತು ನನಗೆ ಬಹಳ ಹಿಡಿಸಿತು.

ಗದ್ದೆಯ ಎತ್ತರದ ಒಡ್ಡಿನ ಮುಂದೆ ಒಂದು ಬೂದುಗುಂಬಳಕಾಯಿ ಇಟ್ಟೆವು. ವೀರೇಶ ಕಣ್ಣಳತೆಯಲ್ಲೇ ಮದ್ದು ಸುರಿದು ಹೊಡೆದ. ಒಡ್ಡಿನ ಮಣ್ಣು ಹಾರಿತು, ಕುಂಬಳಕಾಯಿ ಅಲ್ಲಾಡಲಿಲ್ಲ. ಹೊಗೆ ಕರಗಿದಾಗ ಮೀಸೆಯ ಒಂದು ತುದಿ ಕಮ್ಮಿಯಾಗಿತ್ತು.

ನಾನು ಅಳತೆಗೊಂದು ಹಿತ್ತಾಳೆ ಬಟ್ಟಲು, ಬರೆದಿಡಲೊಂದು ನೋಟ್‌ಬುಕ್ಕು ತಂದಿದ್ದೆ. ಮೊದಲ ಗುಂಡು ಬಸ್ಸಿನಿಂದ ಇಳಿಯುವ ಅಜ್ಜಿಯ ಹಾಗೆ ನಳಿಕೆಯಿಂದಿಳಿದು ಅಲ್ಲೇ ಮುಂದೆ ಕೂತಿತು. ಬರೆದುಕೊಂಡೆ. ಮದ್ದು ಕೊಂಚ ಹೆಚ್ಚಿಸಿದ ಎರಡನೆಯದು ಕಾಯಿಯನ್ನು ಮುಟ್ಟಿ ಬಿತ್ತು. ನಮ್ಮ ಜೊತೆ ಗದ್ದೆಗೆ ಬಂದಿದ್ದ ಗಿರಿಜಾ ಅದನ್ನು ತಿರುಗಿಸಿ ನೋಡಿ, "ಸಾಂಬಾರಿಗೆ ಇನ್ನೂ ಬರ್ತೈತಿ," ಎಂದಳು.

ಮೂರನೆಯದಕ್ಕೆ ಬಹಳ ಯೋಚಿಸಿದೆ. ಬಟ್ಟಲಿನಲ್ಲಿ ಮದ್ದು ಅಳೆದೆ, ತೆಗೆದೆ, ಮತ್ತೆ ಅಳೆದೆ. ಅಳತೆ ಬರೆದೆ, ನಳಿಕೆ ಒರೆಸಿದೆ, ಗುಂಡು ಜಡಿದೆ, ಕೇಪು ಇಟ್ಟೆ, ಶಿವನನ್ನು ನೆನೆದು ಒತ್ತಿದೆ. ಟಿಕ್. ತಡವಾಗಿ ಹಾರೀತೆಂದು ಬಹಳ ಹೊತ್ತು ಹಾಗೇ ಗುರಿ ಹಿಡಿದು ಕಾದು, ಬೇರೆ ಕೇಪು ಇಟ್ಟೆ. ಮತ್ತೆ ಟಿಕ್. ಹಿಂದೆ ದೂರದಲ್ಲಿ ನಿಂತಿದ್ದ ಗಿರಿಜಾ ನೋಟ್‌ಬುಕ್ಕಿನ ಮೇಲಿದ್ದ ತುಂಬಿದ ಬಟ್ಟಲನ್ನು ತೋರಿಸಿದಳು. "ಮದ್ದು ಇಲ್ಲೇ ಐತಲ್ರಿ."

ದೊಡ್ಡಪ್ಪ ಕೆಮ್ಮು ಬರುವವರೆಗೂ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಬಂದೂಕು ಇವನ ಹೆಸರಿಗೇ ಆಗ್ಲಿ. ಇವನ ಕೈಯಾಗಿದ್ರ ಊರಾಗ ಯಾರಿಗೂ ಏನೂ ಆಗಂಗಿಲ್ಲ," ಎಂದರು. ವೀರೇಶ ಅರ್ಧ ಮೀಸೆಯಲ್ಲೇ ನಕ್ಕ.

ಒಳಗೆ ಸಿಕ್ಕಿಕೊಂಡ ಗುಂಡನ್ನು ಸಾಹೇಬರು ಹೊರಕ್ಕೆಳೆದು ಕೊಟ್ಟರು. ಕಾಗದಪತ್ರವೆಲ್ಲ ಮುಗಿದು ಬಂದೂಕು ಈಗ ನನ್ನ ಬೀರುವಿನಲ್ಲಿದೆ. ಅರ್ಧ ದಾರಿಯಿಂದ ವಾಪಸಾದರೆ ಈಗ ಎರಡು ನೋಡಬೇಕು: ಗ್ಯಾಸ್ ಆರಿದೆಯೇ, ನಳಿಕೆಯಲ್ಲಿ ಮದ್ದು ಇದೆಯೇ. ಗಿರಿಜಾ ಬೀರುವಿನ ಕೀಲಿ ಕೊಡುತ್ತಾ ಹೇಳುತ್ತಾಳೆ, "ನೀವು ತುಂಬೀರಂದ ಮ್ಯಾಲ ಅದರಾಗ ಮದ್ದು ಎಲ್ಲಿ ಇರ್ತೈತ್ರಿ?"